ಕನಸಿನಲ್ಲಿದ್ದಾಗಲೇ ‘ಇದು ಕನಸು’ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಅಷ್ಟೂರಿನಲ್ಲಿ ನಮ್ಮದು ಸ್ವಲ್ಪ ಕಬ್ಬಿನ ಹೊಲವಿದೆ. ಥ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದಾಗ ನಡುರಾತ್ರಿ ಎದ್ದು ಹೋಗಿ ನೀರು ಬಿಟ್ಟು ಬರುತ್ತೇನೆ. ಆಮೇಲೆ ಬೇಗ ನಿದ್ದೆ ಹತ್ತುವುದಿಲ್ಲ. ಹತ್ತಿದರೆ ಬೆಳಗಿನ ಜಾವದ ತನಕ ದಟ್ಟವಾದ ಕನಸು. ಮೊನ್ನೆ ಕನಸಿನಲ್ಲಿ, ಹೋದ ವರ್ಷ ಸತ್ತ ನಮ್ಮ ಎತ್ತು ಕೊಟ್ಟಿಗೆಯಲ್ಲಿ ನಿಂತು ಮೇವು ತಿನ್ನುತ್ತಿತ್ತು. ‘ಇದು ಸತ್ತಿದೆಯಲ್ಲ, ಹಾಗಾದರೆ ಇದು ಕನಸು’ ಎಂದು ಅಲ್ಲೇ ಹೊಳೆಯಿತು. ಎಚ್ಚರವಾಗಲಿಲ್ಲ, ಕನಸು ಮುಂದುವರಿಯಿತು. ಅವ್ವನಿಗೆ ಹೇಳಿದರೆ, “ಕನಸಿನಾಗ ಎಚ್ಚರ ಆಗಬಾರದು, ಛಲೋ ಅಲ್ಲ” ಎಂದಳು. ಮೊಬೈಲಿನಲ್ಲಿ ಒಬ್ಬರು ಯೋಗನಿದ್ರೆ ಮಾಡಿದರೆ ಬೇಕಾದ ಕನಸು ಕಾಣಬಹುದು ಎನ್ನುತ್ತಾರೆ. ಯಾವುದು ನಿಜ? ಇದನ್ನು ಕಲಿಯಬಹುದೇ?
— ಒಬ್ಬ ಓದುಗರು, ಅಷ್ಟೂರ, ಬೀದರ್

ಉತ್ತರ: ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದೀರಿ, ಅದರಿಂದ ಉತ್ತರ ಹೇಳುವುದು ಸುಲಭವಾಗಿದೆ. ನಿಮ್ಮ ಒಂದು ಪ್ರಶ್ನೆಯೊಳಗೆ ಮೂರು ಸಂದೇಹಗಳಿವೆ. ನಡುರಾತ್ರಿ ಎದ್ದು ಬಂದ ಮೇಲೆ ಮತ್ತೆ ನಿದ್ದೆಗೆ ಜಾರುವುದು ಹೇಗೆ? ಕನಸಿನಲ್ಲಿ ಅದು ಕನಸೆಂದು ತಿಳಿಯುವುದು ನಿಜವಾದ ಅನುಭವವೇ, ಅದರಿಂದ ಕೆಡುಕಿದೆಯೇ? ಅದಕ್ಕೂ ಯೋಗನಿದ್ರೆಗೂ ಏನು ಸಂಬಂಧ? ಎರಡನೆಯದರಿಂದ ಶುರುಮಾಡುತ್ತೇನೆ. ಮನಸ್ಸಿನ ಅಳುಕು ಮೊದಲು ಹೋಗಬೇಕು.

ನಿಮಗಾದದ್ದು ರೋಗವಲ್ಲ, ಪವಾಡವೂ ಅಲ್ಲ. ಅರಿವಿನ ಕನಸು ಎಂದು ಅದನ್ನು ಕರೆಯೋಣ. 1913ರಲ್ಲಿ ನೆದರ್ಲೆಂಡ್ಸಿನ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ ತಮ್ಮದೇ ಇಂಥ ಕನಸುಗಳನ್ನು ವರ್ಷಗಟ್ಟಲೆ ಬರೆದಿಟ್ಟು, ಅವಕ್ಕೆ ‘ಲೂಸಿಡ್ ಡ್ರೀಮ್’ ಎಂಬ ಹೆಸರು ಕೊಟ್ಟು ಲೇಖನ ಪ್ರಕಟಿಸಿದರು. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಹಾಕಿದ ಒಂದು ಲೆಕ್ಕದ ಪ್ರಕಾರ, ಸುಮಾರು ಶೇ. 55ರಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ. ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ, ಅಷ್ಟೇ.

‘ಕನಸಿನಲ್ಲಿ ತಿಳಿಯಿತು ಎನ್ನುವುದೇ ಎದ್ದ ಮೇಲೆ ಕಟ್ಟಿಕೊಂಡ ಕತೆ ಇರಬಹುದಲ್ಲ’ ಎಂದು ವಿಜ್ಞಾನಿಗಳೂ ಬಹಳ ಕಾಲ ಸಂಶಯಪಟ್ಟಿದ್ದರು. ಮಲಗಿದವನು ಹೊರಗಿನವರಿಗೆ ಸಾಕ್ಷಿ ಹೇಳುವುದಾದರೂ ಹೇಗೆ? ದಾರಿ ಕಣ್ಣಿನಲ್ಲಿತ್ತು. ಕನಸಿನ ಹೊತ್ತಿನಲ್ಲಿ ಮೈಯ ಹೆಚ್ಚಿನ ಸ್ನಾಯುಗಳು ಸಡಿಲಗೊಂಡು ಕೆಲಸ ನಿಲ್ಲಿಸಿರುತ್ತವೆ, ಆದರೆ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಮಾತ್ರ ಓಡಾಡುತ್ತಲೇ ಇರುತ್ತವೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಅಲನ್ ವರ್ಸ್ಲಿ ಎಂಬವರ ಜೊತೆ ಮೊದಲೇ ಒಂದು ಒಪ್ಪಂದ ಮಾಡಿಕೊಂಡರು: ಕನಸೆಂದು ತಿಳಿದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಹಲವು ಸಲ ಹೊರಳಿಸಬೇಕು. ಮಲಗಿದ್ದ ವರ್ಸ್ಲಿಯ ಕಣ್ಣಿನ ಆ ಚಲನೆ ಯಂತ್ರದ ಕಾಗದದ ಮೇಲೆ ಗೆರೆಯಾಗಿ ಮೂಡಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಲಾಬರ್ಜ್ ಇದನ್ನೇ ಸ್ವತಂತ್ರವಾಗಿ ಸಾಧಿಸಿ ತೋರಿಸಿದರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸಿನ ತಂಡಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಸಿನಲ್ಲಿದ್ದವರಿಗೇ ಪ್ರಶ್ನೆ ಕೇಳಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಒಬ್ಬ ಯುವಕನನ್ನು ಕೇಳಿದಾಗ, ಅವನು ನಿದ್ದೆಯಲ್ಲೇ ಕಣ್ಣನ್ನು ಎರಡು ಸಲ ಆಚೀಚೆ ಹೊರಳಿಸಿ ಉತ್ತರ ಕೊಟ್ಟ. ಎಲ್ಲರೂ ಹೀಗೆ ಉತ್ತರಿಸಲಿಲ್ಲ, ಹೆಚ್ಚು ಪ್ರಯತ್ನಗಳಲ್ಲಿ ಉತ್ತರವೇ ಬರಲಿಲ್ಲ. ಆದರೂ ಕನಸಿನೊಳಗೆ ತಿಳಿವು ಇರಬಲ್ಲದು ಎಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ.

ಇನ್ನು ಅದು ನಿಮಗೆ ನೀರು ಬಿಟ್ಟು ಬಂದ ರಾತ್ರಿಯೇ ಯಾಕೆ ಬಿತ್ತು? ನಿದ್ದೆ ಇಡೀ ರಾತ್ರಿ ಒಂದೇ ಸಮನಾಗಿ ಇರುವುದಿಲ್ಲ. ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಇಳಿದು ಏರುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆಯ ಪಾಲು ದೊಡ್ಡದು, ಕನಸಿನ ನಿದ್ದೆ ಕೆಲವೇ ನಿಮಿಷ. ಬೆಳಗಿನ ಜಾವಕ್ಕೆ ಬಂದಂತೆ ಕನಸಿನ ಪಾಲು ಅರ್ಧ ಗಂಟೆ, ಅದಕ್ಕೂ ಹೆಚ್ಚು ಬೆಳೆಯುತ್ತದೆ. ನೀವು ಗಾಢ ನಿದ್ದೆಯ ಪಾಲನ್ನು ಮುಗಿಸಿ ಎದ್ದಿದ್ದೀರಿ, ಹೊಲಕ್ಕೆ ನಡೆದು ಬಂದು ತಲೆ ತಿಳಿಯಾಗಿದೆ, ಮರಳಿ ಮಲಗಿದಾಗ ನೇರವಾಗಿ ಕನಸಿನ ನಿದ್ದೆಯ ಹೊತ್ತಿಗೆ ಬಂದು ಸೇರಿದ್ದೀರಿ. ಅರಿವಿನ ಕನಸನ್ನು ಕಲಿಸುವವರು ಬೇಕೆಂದೇ ಅಲಾರಾಂ ಇಟ್ಟು ಐದು ತಾಸಿನ ನಿದ್ದೆಯ ನಂತರ ಎಬ್ಬಿಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಮಲಗಿಸುತ್ತಾರೆ. ನಿಮಗೆ ಆ ಕೆಲಸವನ್ನು ಕರೆಂಟಿನ ಪಾಳಿಯೇ ಮಾಡಿದೆ.

ಈಗ ಯೋಗನಿದ್ರೆಯ ವಿಷಯ. ಇಲ್ಲಿ ಬಹಳ ಜನ ಎರಡನ್ನು ಒಂದು ಮಾಡಿಕೊಳ್ಳುತ್ತಾರೆ, ನೀವು ಗೊಂದಲಗೊಂಡದ್ದು ಸಹಜ. ಇಂದು ಶಿಬಿರಗಳಲ್ಲಿ, ಮೊಬೈಲಿನಲ್ಲಿ ಕೇಳಿಸುವ ಯೋಗನಿದ್ರೆಯ ಕ್ರಮವನ್ನು ರೂಪಿಸಿದವರು ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ. ತಂತ್ರಶಾಸ್ತ್ರದಲ್ಲಿ ಮೈಯ ಒಂದೊಂದು ಅಂಗವನ್ನು ಮುಟ್ಟಿ ಮಂತ್ರ ಹೇಳುವ ನ್ಯಾಸವೆಂಬ ವಿಧಿಯಿದೆ. ಅದರಿಂದ ಸೂಚನೆ ಪಡೆದು, ಮುಟ್ಟುವ ಬದಲು ಗಮನವನ್ನು ಮಾತ್ರ ಅಂಗದಿಂದ ಅಂಗಕ್ಕೆ ಸಾಗಿಸುವ ಅಭ್ಯಾಸ ಮಾಡಿದರು. ಅದರಲ್ಲಿ ಸಾಧಕ ನಿದ್ದೆಯ ಅಂಚಿನವರೆಗೆ ಹೋಗಿ ಎಚ್ಚರವಾಗಿಯೇ ಇರಬೇಕು; ಅದಕ್ಕೇ ನಡುನಡುವೆ ‘ನಿದ್ದೆ ಹೋಗಬೇಡಿ’ ಎಂಬ ಸೂಚನೆ ಬರುತ್ತದೆ. ಅರಿವಿನ ಕನಸಾದರೋ ಪೂರ್ತಿ ನಿದ್ದೆಯೊಳಗೆ ಆಗುವಂಥದು. ಮೊದಲನೆಯದರಲ್ಲಿ ನೀವು ನಿದ್ದೆಯ ಹೊಸ್ತಿಲಲ್ಲಿ ನಿಂತಿರುತ್ತೀರಿ, ಎರಡನೆಯದರಲ್ಲಿ ಒಳಗೆ ಹೋದ ಮೇಲೆ ಕಣ್ಣು ಬಿಡುತ್ತೀರಿ. ಆದ್ದರಿಂದ ಯೋಗನಿದ್ರೆ ಮಾಡಿದ ಮಾತ್ರಕ್ಕೆ ಬೇಕಾದ ಕನಸು ಬರುತ್ತದೆ ಎಂಬುದು ಸರಿಯಲ್ಲ. ಅದರ ಅಂಗಕ್ರಮ ನಿದ್ದೆಗೆ ಜಾರಲು ಬಹಳ ಒಳ್ಳೆಯ ದಾರಿ ಎಂಬುದು ಮಾತ್ರ ನಿಜ. ನಿಮಗೆ ನಿದ್ದೆ ಬೇಕಾಗಿರುವಾಗ ‘ನಿದ್ದೆ ಹೋಗಬೇಡಿ’ ಎಂಬ ಆ ಒಂದು ಮಾತನ್ನು ಕೈಬಿಡಿ.

ನಮ್ಮ ಹಳೆಯ ಗ್ರಂಥಗಳೂ ಈ ಎರಡನ್ನು ಬೇರೆಬೇರೆಯಾಗಿಯೇ ನೋಡಿವೆ. ಹನ್ನೆರಡೇ ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ವಿಂಗಡಿಸಿ, ಮೂರಕ್ಕೂ ಆಧಾರವಾದ ನಾಲ್ಕನೆಯದನ್ನು ಹೇಳುತ್ತದೆ. ಪತಂಜಲಿಯ ಯೋಗಸೂತ್ರ ಮೊದಲ ಪಾದದಲ್ಲೇ, ಕನಸು ಮತ್ತು ನಿದ್ದೆಯಲ್ಲಿ ಸಿಗುವ ತಿಳಿವನ್ನು ಮನಸ್ಸು ನಿಲ್ಲಿಸಲು ಆಸರೆಯಾಗಿ ಹಿಡಿಯಬಹುದು ಎನ್ನುತ್ತದೆ. ಕಾಶ್ಮೀರದ ವಿಜ್ಞಾನಭೈರವದಲ್ಲಿ, ಹೊರಗಿನದು ಮರೆಯಾಗಿ ನಿದ್ದೆ ಇನ್ನೂ ಬಾರದ ಆ ಸಂದಿನ ಮೇಲೆ ಗಮನವಿಡುವ ಧಾರಣೆಯಿದೆ. ಕನಸಿನೊಳಗಿನ ಅರಿವನ್ನು ಕ್ರಮವಾದ ಸಾಧನೆಯನ್ನಾಗಿ ಬೆಳೆಸಿದವರು ಟಿಬೆಟ್ಟಿನ ಬೌದ್ಧರು. ನಾರೋಪನ ಆರು ಯೋಗಗಳಲ್ಲಿ ಸ್ವಪ್ನಯೋಗವೂ ಒಂದು. ಆ ಪರಂಪರೆಗಳ ಮಠಗಳು ಈಗ ನಮ್ಮ ರಾಜ್ಯದಲ್ಲೇ, ಬೈಲಕುಪ್ಪೆಯಲ್ಲಿ ಇವೆ. ಅಲ್ಲಿ ಇದು ಗುರುವಿನಿಂದ ಪಡೆಯಬೇಕಾದ ವಿದ್ಯೆ, ಅದರ ಗುರಿ ಬೇಕಾದ ಕನಸು ಕಾಣುವುದೂ ಅಲ್ಲ. ಕಂಡದ್ದೆಲ್ಲ ಮನಸ್ಸಿನ ರೂಪವೆಂದು ಕನಸಿನಲ್ಲಿ ಕಲಿತು, ಎಚ್ಚರದಲ್ಲೂ ಅದನ್ನು ಮರೆಯದಿರುವುದು ಅವರ ಉದ್ದೇಶ. ನಾನು ಮುಂದೆ ಹೇಳುವುದು ಅಷ್ಟು ದೂರದ ಸಾಧನೆಯಲ್ಲ, ಮನೆಯಲ್ಲಿ ಯಾರಾದರೂ ಮಾಡಬಹುದಾದ ಮೃದುವಾದ ಅಭ್ಯಾಸ.

ನಿಮ್ಮ ಊರಿನವರಿಗೆ ಕನಸಿನ ಮಾತು ಹೊಸದಲ್ಲ ಎಂಬುದನ್ನೂ ನೆನಪಿಸಬೇಕು. ಅಷ್ಟೂರಿನ ಗುಮ್ಮಟದಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹಮದ್ ಶಾ ವಲಿ (ಆಳ್ವಿಕೆ 1422–1436) ಸಿಂಹಾಸನಕ್ಕಾಗಿ ಹೋರಾಡುತ್ತಿದ್ದ ದಿನಗಳಲ್ಲಿ ಕನಸೊಂದನ್ನು ಕಂಡನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಫಕೀರನೊಬ್ಬ ಹನ್ನೆರಡು ಮೂಲೆಯ ಹಸಿರು ಕಿರೀಟವನ್ನು ಕೊಟ್ಟ ಕನಸು. ಮುಂದೆ ಸುಲ್ತಾನನಾದ ಮೇಲೆ ಇರಾನಿನ ಕಿರ್ಮಾನ್ ಕಡೆಯ ಸಂತ ಶಾ ನಿಯಾಮತುಲ್ಲಾ ವಲಿಗೆ ದೂತರನ್ನು ಕಳಿಸಿದಾಗ, ಅವರ ಶಿಷ್ಯ ಪೆಟ್ಟಿಗೆಯಲ್ಲಿ ತಂದದ್ದು ಅಂಥದ್ದೇ ಹಸಿರು ಕಿರೀಟ. ಊರಿಗೆ ಹೋಗುವ ದಾರಿಯಲ್ಲಿರುವ ಎಂಟು ಮೂಲೆಯ ಚೌಖಂಡಿ ಆ ಸಂತನ ಮಗ ಖಲೀಲುಲ್ಲಾನ ಸಮಾಧಿ. ಅಹಮದ್ ಶಾನನ್ನೇ ಅಲ್ಲಮಪ್ರಭುವೆಂದು ಲಿಂಗಾಯತರು ಉರುಸಿನಲ್ಲಿ ಪೂಜಿಸುವುದು, ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಸುಲ್ತಾನನ ಕನಸು ಅರಿವಿನ ಕನಸಲ್ಲ. ಅವನು ಕಂಡು, ಎದ್ದು, ನೆನಪಿಟ್ಟು, ಅರ್ಥ ಹಚ್ಚಿದ. ಕಾಣುತ್ತಿರುವಾಗಲೇ ಕನಸೆಂದು ಅವನಿಗೆ ತಿಳಿದಿತ್ತೆಂದು ಕತೆ ಹೇಳುವುದಿಲ್ಲ. ಹಾಗಿದ್ದರೂ ನೆನಪಿಡುವ ಅವನ ಶ್ರದ್ಧೆ ಈ ವಿದ್ಯೆಗೂ ಬೇಕು. ಕನಸು ನೆನಪಿನಲ್ಲಿ ಉಳಿಯದವನಿಗೆ ಅದರೊಳಗಿನ ಅರಿವೂ ಉಳಿಯುವುದಿಲ್ಲ.

ಅಭ್ಯಾಸಕ್ಕೆ ಬರೋಣ. ಮೊದಲ ಕೆಲಸ ನಿದ್ದೆಗೆ ಜಾರುವುದು. ಇದನ್ನು ಬಿಟ್ಟು ಕನಸಿನ ಹಿಂದೆ ಬಿದ್ದರೆ ಎರಡೂ ಸಿಗುವುದಿಲ್ಲ. ಹೊಲದಿಂದ ಬಂದಾಗ ನಿಮ್ಮ ಕಾಲುಗಳು ಕೆಸರಾಗಿ ತಣ್ಣಗಾಗಿರುತ್ತವೆ. ಬೆಚ್ಚನೆಯ ನೀರಿನಲ್ಲಿ ತೊಳೆದು, ಬೆರಳಸಂದಿಯ ತೇವ ಹೋಗುವ ಹಾಗೆ ಒರೆಸಿ, ಕೌದಿಯೊಳಗೆ ಸೇರಿಸಿ. ಕಾಲು ಬೆಚ್ಚಗಿದ್ದವರಿಗೆ ಬೇಗ ನಿದ್ದೆ ಹತ್ತುತ್ತದೆಂದು 1999ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ಕೈಕಾಲಿನ ರಕ್ತನಾಳ ಹಿಗ್ಗಿದಾಗ ಮೈಯ ಒಳಗಿನ ಕಾವು ಹೊರಗೆ ಹೋಗುತ್ತದೆ, ಒಳಗಿನ ಕಾವು ಇಳಿಯುವುದೇ ನಿದ್ದೆಗೆ ಸೂಚನೆ. ಆ ಹೊತ್ತಿಗೆ ಚಹಾ ಬೇಡ. ಮೋಟಾರ್ ನಿಂತಿತೋ ಇಲ್ಲವೋ ಎಂದು ಮೊಬೈಲ್ ತೆಗೆದು ನೋಡುವುದೂ ಬೇಡ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರಾದರೆ ಕಣ್ಣಿನ ಮೇಲೆ ತೆಳು ಬಟ್ಟೆ ಹಾಕಿಕೊಳ್ಳಿ.

ಒಂದು ಮಗ್ಗುಲಿಗೆ ಮಲಗಿ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಸ್ವಲ್ಪ ಉದ್ದವಾಗಲಿ, ಬಲವಂತವಿಲ್ಲದೆ. ಏಳೆಂಟು ಉಸಿರಾದ ಮೇಲೆ ಗಮನವನ್ನು ಬಲಗೈಯ ಹೆಬ್ಬೆರಳಿಗೆ ತನ್ನಿ. ಅಲ್ಲಿ ಬಿಸಿ, ತಂಪು, ಜುಮು ಏನಿದೆಯೋ ಅದನ್ನು ತಿಳಿದು ತೋರುಬೆರಳಿಗೆ ಸಾಗಿ. ಹಾಗೆಯೇ ನಡುಬೆರಳು, ಉಂಗುರಬೆರಳು, ಕಿರುಬೆರಳು, ಅಂಗೈ, ಮಣಿಕಟ್ಟು, ಮೊಣಕೈ, ಹೆಗಲು, ಕಂಕುಳು, ಸೊಂಟ, ತೊಡೆ, ಮೊಣಕಾಲು, ಹಿಮ್ಮಡಿ, ಕಾಲ್ಬೆರಳು. ಆಮೇಲೆ ಎಡಬದಿ. ಒಂದೊಂದು ಕಡೆ ಒಂದು ಉಸಿರಿನಷ್ಟು ಹೊತ್ತು ಸಾಕು. ಎಲ್ಲಿಯವರೆಗೆ ಬಂದೆ ಎಂಬುದು ಮರೆತರೆ ಒಳ್ಳೆಯದೇ ಆಯಿತು, ಮರೆವು ಬರುವುದೇ ಜೊಂಪು ಹತ್ತುವ ಗುರುತು. ಮತ್ತೆ ಹೆಬ್ಬೆರಳಿನಿಂದ ಶುರುಮಾಡಿ, ಲೆಕ್ಕ ಒಪ್ಪಿಸಬೇಕಾಗಿಲ್ಲ.

ತಲೆಯಲ್ಲಿ ಸಾಲ, ಬಿಲ್ಲು, ಕಾರ್ಖಾನೆಯ ಚಿಂತೆ ಸುತ್ತುತ್ತಿದ್ದರೆ ಅಂಗಕ್ರಮ ನಿಲ್ಲುವುದಿಲ್ಲ. ಆಗ ಕೆನಡಾದ ಲೂಕ್ ಬೋಡ್ವಾ ಎಂಬ ಸಂಶೋಧಕರು ಸೂಚಿಸಿದ ಉಪಾಯವನ್ನು ನಮ್ಮ ಅಕ್ಷರಗಳಿಗೆ ಹೊಂದಿಸಿಕೊಳ್ಳಿ. ಒಂದು ಅಕ್ಷರ ಹಿಡಿಯಿರಿ, ‘ಬ’ ಎನ್ನಿ. ಬಾವಿ: ಅದರ ಮೆಟ್ಟಿಲು, ಪಾಚಿ ಕಣ್ಣಿಗೆ ಬರಲಿ. ಬೇವಿನ ಮರ. ಬಟ್ಟಲು. ಬುಟ್ಟಿ. ಬಾತುಕೋಳಿ. ಒಂದಕ್ಕೊಂದು ಸಂಬಂಧವಿರಬಾರದು. ಸಂಬಂಧವಿದ್ದರೆ ಕತೆಯಾಗುತ್ತದೆ, ಕತೆಯಾದರೆ ಚಿಂತೆ ಮರಳಿ ಬರುತ್ತದೆ. ಹೀಗೆ ಸಂಬಂಧವಿಲ್ಲದ ಚಿತ್ರಗಳು ಮೂಡುವುದು ನಿದ್ದೆಯ ಹೊಸ್ತಿಲಿನ ಸ್ವಭಾವವೇ. ನೀವು ಅದನ್ನು ಮುಂಚೆಯೇ ಶುರುಮಾಡಿಕೊಟ್ಟಂತಾಗುತ್ತದೆ.

ಎರಡನೆಯದು ನೆನಪು. ತಲೆದೆಸೆಯಲ್ಲಿ ಒಂದು ನೋಟ್‌ಬುಕ್ ಮತ್ತು ಪೆನ್ನು ಇಡಿ. ಬೆಳಿಗ್ಗೆ ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸದೆ ಒಂದು ನಿಮಿಷ ಹಾಗೆಯೇ ಇರಿ, ಹೊರಳಿದರೆ ಕನಸು ಜಾರುತ್ತದೆ. ಕೊನೆಯ ಚಿತ್ರದಿಂದ ಹಿಂದಕ್ಕೆ ಹೋಗಿ, ಸಿಕ್ಕಿದ್ದನ್ನು ನಾಲ್ಕು ಸಾಲು ಬರೆಯಿರಿ. ಕೆಲವು ವಾರದಲ್ಲಿ ಕೆಲವು ಸಂಗತಿಗಳು ಮತ್ತೆಮತ್ತೆ ಬರುವುದು ಕಾಣುತ್ತದೆ: ಸತ್ತವರು, ಹಳೆಯ ಶಾಲೆ, ಬತ್ತಿದ ಬೋರ್‌ವೆಲ್‌ನಲ್ಲಿ ನೀರು. ಎಚ್ಚರದಲ್ಲಿ ಸಾಧ್ಯವಿಲ್ಲದ ಇಂಥವೇ ನಿಮ್ಮ ಗುರುತುಗಳು. ನಿಮಗೆ ಎತ್ತು ಅದೇ ಕೆಲಸ ಮಾಡಿತು.

ಮೂರನೆಯದು ಸಂಕಲ್ಪ. ಲಾಬರ್ಜ್ ರೂಪಿಸಿದ ಕ್ರಮವಿದು. ನೀರು ಬಿಟ್ಟು ಬಂದು ಮಲಗಿದಾಗ, ಅಂಗಕ್ರಮಕ್ಕೆ ಮೊದಲು, ಹಿಂದೆ ಬಿದ್ದ ಒಂದು ಕನಸನ್ನು ನೆನೆಯಿರಿ. ಅದರಲ್ಲಿ ಗುರುತು ಬರುವ ಜಾಗದಲ್ಲಿ ‘ಇದು ಕನಸು’ ಎಂದು ತಿಳಿಯುತ್ತಿರುವಂತೆ ಕಲ್ಪಿಸಿಕೊಳ್ಳಿ. ‘ಮುಂದಿನ ಕನಸಿನಲ್ಲಿ, ಇದು ಕನಸೆಂಬುದನ್ನು ನೆನಪಿಸಿಕೊಳ್ಳುತ್ತೇನೆ’ ಎಂದು ಕೆಲವು ಸಲ ಮನಸ್ಸಿನಲ್ಲೇ ಹೇಳಿ ಬಿಟ್ಟುಬಿಡಿ. ಬಿಟ್ಟುಬಿಡುವುದು ಮುಖ್ಯ. ಮೇಯಲು ಬಿಟ್ಟ ದನದ ಉದ್ದ ಹಗ್ಗದ ತುದಿಯನ್ನು ಸಡಿಲವಾಗಿ ಹಿಡಿದು ಕೂತವನ ಹಾಗೆ ಇರಬೇಕು. ಜಗ್ಗಿದರೆ ದನ ಮೇಯುವುದಿಲ್ಲ, ಮನಸ್ಸು ನಿದ್ದೆಗೆ ಹೋಗುವುದಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಐದು ತಾಸಿನ ನಂತರ ಎದ್ದು ಈ ಸಂಕಲ್ಪವನ್ನೂ ಜೊತೆಗೆ ಬೇರೆ ಉಪಾಯವನ್ನೂ ಮಾಡಿದವರಿಗೆ ಶೇ. 17ರಷ್ಟು ಪ್ರಯತ್ನಗಳು ಫಲಿಸಿದವು. ಸಂಕಲ್ಪ ಮುಗಿದು ಐದು ನಿಮಿಷದೊಳಗೆ ನಿದ್ದೆ ಹೋದವರಲ್ಲಿ ಅದು ಸುಮಾರು ಶೇ. 46ಕ್ಕೆ ಏರಿತು. ನಾನು ನಿದ್ದೆಯನ್ನು ಮೊದಲಿಟ್ಟದ್ದಕ್ಕೆ ಕಾರಣ ಇದೇ. ಚೆನ್ನಾಗಿ ಜಾರಿದವನಿಗೇ ಅರಿವೂ ಸಿಗುತ್ತದೆ.

ಕನಸೆಂದು ತಿಳಿದಾಗ ಹೆಚ್ಚಿನವರು ಹಿಗ್ಗಿಬಿಡುತ್ತಾರೆ, ಹಿಗ್ಗಿದ ಕೂಡಲೇ ಎಚ್ಚರವಾಗುತ್ತದೆ. ಅಲ್ಲಿ ಮಾಡಬೇಕಾದದ್ದು ಸ್ವಲ್ಪವೇ: ಕನಸಿನ ಕೈಗಳನ್ನು ಉಜ್ಜಿಕೊಳ್ಳಿ, ಇಲ್ಲವೇ ಹತ್ತಿರದ ಗೋಡೆಯನ್ನು ಮುಟ್ಟಿ. ಗಮನ ಕನಸಿನಲ್ಲೇ ನಿಲ್ಲುತ್ತದೆ. ಬೇಕಾದ್ದನ್ನೆಲ್ಲ ತರಿಸಿಕೊಳ್ಳುವ ಹಟ ಬೇಡ. ತಿಳಿವು ಬಂದರೂ ಕನಸು ಪೂರ್ತಿ ಕೈವಶವಾಗುವುದು ಅಪರೂಪ, ಮೊಬೈಲಿನವರು ಅದನ್ನು ಹೇಳುವುದಿಲ್ಲ.

ಅವ್ವನ ಮಾತಿಗೆ ಬರುತ್ತೇನೆ, ಅದನ್ನು ತಳ್ಳಿಹಾಕಲಾರೆ. ಅವರು ಬಹುಶಃ ಬೇರೊಂದು ಅನುಭವವನ್ನು ನೆನೆದು ಹೇಳಿದ್ದಾರೆ. ಕೆಲವೊಮ್ಮೆ ಮನಸ್ಸು ಎಚ್ಚರಗೊಂಡರೂ ಕನಸಿನ ಹೊತ್ತಿನ ಸಡಿಲತೆ ಮೈಯನ್ನು ಬಿಟ್ಟಿರುವುದಿಲ್ಲ. ಕೈ ಎತ್ತಲಾಗದು, ಕೂಗಲಾಗದು, ಎದೆಯ ಮೇಲೆ ಯಾರೋ ಕೂತಂತೆ ಆಗುತ್ತದೆ, ಮೂಲೆಯಲ್ಲಿ ನೆರಳು ಕಂಡಂತೆಯೂ ಆಗಬಹುದು. ಹಳ್ಳಿಗಳಲ್ಲಿ ಇದನ್ನೇ ದೆವ್ವ ಮೆಟ್ಟಿತು ಎನ್ನುತ್ತಾರೆ. ಇದು ನಿದ್ದೆಯ ಒಂದು ತೊಡಕು, ಕೆಲವು ಕ್ಷಣಗಳಲ್ಲಿ, ಇಲ್ಲವೇ ಕೆಲವು ನಿಮಿಷಗಳಲ್ಲಿ, ತಾನೇ ಬಿಡುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು. ಮಗ್ಗುಲಿಗೆ ಮಲಗಿ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ. ನಿಮಗೂ ಹಾಗೇನಾದರೂ ಆದರೆ ಒದ್ದಾಡಬೇಡಿ, ಉಸಿರನ್ನು ನಿಧಾನ ಮಾಡಿ, ಒಂದು ಕಾಲ್ಬೆರಳನ್ನು ಅಲುಗಿಸಲು ನೋಡಿ. ಅವ್ವನಿಗೂ ಇದನ್ನು ವಿವರಿಸಿ, ಅವರಿಗೆ ಹೀಗೆ ಆಗಿದ್ದೀತು.

ಅಂಗಕ್ರಮದಂಥ ಧ್ಯಾನದಿಂದ ನಿದ್ದೆ ಕೆಡುತ್ತದೆಯೇ ಎಂಬ ಭಯವೂ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನ ನಿದ್ರಾ ಪ್ರಯೋಗಾಲಯದವರು 2006 ಮತ್ತು 2010ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಬಹುಕಾಲ ವಿಪಶ್ಯನ ಧ್ಯಾನ ಮಾಡಿದವರಿಗೆ ಗಾಢನಿದ್ದೆಯ ಪಾಲು ವಯಸ್ಸಾದಂತೆ ಇತರರಲ್ಲಿ ಕುಗ್ಗುವಷ್ಟು ಕುಗ್ಗಿರಲಿಲ್ಲ. ಅದು ವರ್ಷಗಳ ಅಭ್ಯಾಸದ ಮಾತು, ನಾಲ್ಕು ರಾತ್ರಿಯದಲ್ಲ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡಲಾರೆ. ಮೂರನೆಯ ಕ್ರಮವನ್ನು ನೀರು ಬಿಡುವ ರಾತ್ರಿಗಳಲ್ಲಿ ಮಾತ್ರ ಮಾಡಿ, ಹೇಗೂ ಎದ್ದಿರುತ್ತೀರಿ. ಇದಕ್ಕಾಗಿಯೇ ಅಲಾರಾಂ ಇಟ್ಟು ಬೇರೆ ರಾತ್ರಿಗಳ ನಿದ್ದೆ ಕೆಡಿಸಿಕೊಳ್ಳಬೇಡಿ. ಮರುದಿನ ಬೈಕ್ ಓಡಿಸುವಾಗ, ಸ್ಟಾರ್ಟರ್ ಮುಟ್ಟುವಾಗ ಕಣ್ಣು ಎಳೆಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ, ಮಧ್ಯಾಹ್ನ ಸ್ವಲ್ಪ ಮಲಗಿ. ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು, ಕನಸು ಯಾವುದು ನನಸು ಯಾವುದು ಎಂದು ಹಗಲಿನಲ್ಲೂ ಗಲಿಬಿಲಿಯಾಗುವವರು ಇದನ್ನು ಮಾಡಬಾರದು. ನೀರಿನ ಪಾಳಿ ಇಲ್ಲದ ವಾರಗಳಲ್ಲೂ ನಿದ್ದೆ ಹತ್ತದಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟಿ ಏಳುವಂತಾಗುತ್ತಿದ್ದರೆ, ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಿ. ಮನಸ್ಸಿನ ಚಿಂತೆಯೇ ನಿದ್ದೆ ಕೆಡಿಸುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಒಂದೆರಡು ತಿಂಗಳು ನೋಟ್‌ಬುಕ್ ಬರೆದ ಮೇಲೆ ಯಾವ ಗುರುತು ಹೆಚ್ಚು ಬಂತು ಎಂಬುದನ್ನು ನಮಗೂ ತಿಳಿಸಿ.